ತೂಕದ ಮೇಲೆ ಒಂದು ಹಿಡಿ

ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಸೊಣ್ಣಪ್ಪನವರಿಗೆ ಜಗಳ ನೆನಪಾಗುತ್ತದೆ. ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಡೇರಿಗೆ ಹಾಲು ಹಾಕಲು ಹೋಗುವಾಗ ಬಾಯಿಗೆ ಬೀಗ ಹಾಕಿಕೊಂಡವರಂತೆ ಇರುವ ಮನುಷ್ಯ, ತಟ್ಟೆಗೆ ಉಪ್ಸಾರು ಬಿದ್ದ ಕೂಡಲೇ ಶುರುಮಾಡುತ್ತಾರೆ. ಶಿವರಾತ್ರಿಗೆ ಇನ್ನೂ ಎರಡು ವಾರ ಇತ್ತು. ಅವತ್ತಿನ ಜಗಳ ಸೊಸೆ ಲಿಖಿತಳ ಪಾಲಿಗೆ ಬಂತು.

"ಬಚ್ಚಪ್ಪ ಮತ್ತೆ ಬಂದಿದ್ದ ಕಣಮ್ಮ. ನಾಕು ಮರಕ್ಕೂ ಸೇರಿ, ಮೂರು ವರ್ಸಕ್ಕೆ ಮೂವತ್ತು ಸಾವ್ರ. ಒಂದೇ ಸಲಕ್ಕೆ ಕೈಗೆ ಕೊಡ್ತಾನಂತೆ."

ಕ್ಯಾಸಂಬಳ್ಳಿಯಿಂದ ಎರಡು ಮೈಲಿ ಆಚೆಗಿರುವ ಅವರ ಹೊಲದ ಬದುವಿನ ಮೇಲೆ ನಾಲ್ಕು ಹುಣಸೆಮರಗಳಿವೆ. ಬಚ್ಚಪ್ಪ ಆ ಸುತ್ತಿನ ಹುಣಸೆಮರಗಳನ್ನೆಲ್ಲ ಗುತ್ತಿಗೆ ಹಿಡಿಯುವವನು. ವರ್ಷ ವರ್ಷವೂ ಬಡಿಯುವ ಆಳು ಅವನದು, ಹಣ್ಣೂ ಅವನದು. ಮನೆಗೆ ಸಿಗುತ್ತಿದ್ದದ್ದು ಅವನು ಹೇಳಿದಷ್ಟು ಹಣ, ಸಾರಿಗೆ ಸಾಲುವಷ್ಟು ಹುಳಿ. ಈ ವರ್ಷ ಲಿಖಿತ ಹಟ ಹಿಡಿದು ಗುತ್ತಿಗೆ ತಪ್ಪಿಸಿದ್ದಳು. ಹಣ್ಣನ್ನು ತಾನೇ ಶುಚಿಮಾಡಿ ಫೋನಿನಲ್ಲಿ ಮಾರುತ್ತೇನೆ ಎಂದಿದ್ದಳು. ಮದುವೆಯಾಗಿ ಬಂದ ಐದು ವರ್ಷದಲ್ಲಿ ಆ ಮನೆಯಲ್ಲಿ ಅವಳು ಹೇಳಿದ್ದು ನಡೆದದ್ದು ಇದೊಂದೇ. ಅದನ್ನು ಬಿಟ್ಟುಕೊಡುವ ಮನಸ್ಸು ಅವಳಿಗೆ ಸುತರಾಂ ಇರಲಿಲ್ಲ.

"ಮಾವ, ಒಂದು ವರ್ಷ ನೋಡೋಣ ಅಂತ ನೀವೇ ಒಪ್ಕೊಂಡಿದ್ರಿ," ಎಂದಳು.

"ಒಪ್ಕೊಂಡಿದ್ದೆ. ದುಡ್ಡು ಕೊಡೋನು ಬೆಂಗ್ಳೂರಾಗೆ, ಉಣ್ಸೆಣ್ಣು ನಮ್ಮನ್ಯಾಗೆ. ನಡ್ವೆ ಇರೋನು ಯಾವನು?"

"ಪೇಟೆಬಾಗಿಲು ಅಂತ ಒಂದು ಕಂಪನಿ. ಕೊಳ್ಳೋರು ದುಡ್ಡು ಅವರಿಗೆ ಕಟ್ತಾರೆ. ಪಾರ್ಸಲ್ ಕೈಸೇರಿ ಏಳು ದಿನ ಆದ್ಮೇಲೆ, ಕೊರಿಯರ್ ಬಾಡಿಗೆ, ಅವರ ಕಮಿಷನ್ ಹಿಡ್ಕೊಂಡು ನಮ್ಮ ಬ್ಯಾಂಕಿಗೆ ಹಾಕ್ತಾರೆ."

"ಏಳು ದಿನ ಯಾಕೆ? ದುಡ್ಡು ಮರಿ ಆಕುತ್ತಾ?"

"ಹಣ್ಣು ಚೆನ್ನಾಗಿಲ್ಲ ಅಂತ ಯಾರಾದ್ರೂ ವಾಪಸ್ ಕೇಳಿದ್ರೆ ಕೊಡೋಕೆ. ಕೊಳ್ಳೋರಿಗೂ ನಂಬಿಕೆ ಬರಬೇಕಲ್ಲ. ಅವರು ನಮ್ಮ ಮುಖ ನೋಡಿಲ್ಲ."

"ನಾನೂ ಅವನ ಮುಖ ನೋಡಿಲ್ಲ. ಬಚ್ಚಪ್ಪನ ಮುಖ ನೋಡಿದೀನಿ."

"ಆ ಮುಖ ಇಪ್ಪತ್ತು ವರ್ಸದಿಂದ ಅದೇ ರೇಟು ಏಳ್ತಾ ಐತೆ," ಎಂದು ಒಲೆಯ ಕಡೆಯಿಂದ ವೆಂಕಟರತ್ನಮ್ಮ ಹೇಳಿದರು. ಗಂಡನ ಮಾತಿಗೆ ಒಂದು ಮಾತು ಸೇರಿಸದಿದ್ದರೆ ಅವರಿಗೂ ಮುದ್ದೆ ಇಳಿಯುವುದಿಲ್ಲ.

ಸೊಣ್ಣಪ್ಪನವರು ಸೊಪ್ಪಿನ ಪಲ್ಯ ಬಳಿದು ಬಾಯಿಗಿಟ್ಟುಕೊಂಡು ತೀರ್ಮಾನ ಹೇಳಿದರು. "ಯುಗಾದಿ ಇಂದ್ಲ ಭಾನ್ವಾರ ಬಚ್ಚಪ್ಪ ದುಡ್ಡು ತಕೊಂಡು ಬತ್ತಾನೆ. ಅಷ್ಟ್ರಾಗೆ ನಿನ್ನ ಪೋನಿನ ದುಡ್ಡು ಬ್ಯಾಂಕಿಗೆ ಬಿದ್ದಿದ್ರೆ ಮರ ನಿಂದು. ಇಲ್ದಿದ್ರೆ ಮೂರು ವರ್ಸ ಅವನ್ದು."

"ಸರಿ ಮಾವ," ಎಂದಳು ಲಿಖಿತ. ಅವಳ ಗಂಡ ಚಿರಂಜೀವಿ ಇಬ್ಬರ ಮುಖವನ್ನೂ ನೋಡದೆ ಸಾರು ಸುರಿದುಕೊಂಡ. ಕೆಜಿಎಫ್‌ನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ವೆಲ್ಡಿಂಗ್ ಮಾಡುವ ಅವನಿಗೆ ಅಲ್ಲಿನ ಸದ್ದೇ ಸಾಕಾಗಿತ್ತು. ಮನೆಯಲ್ಲಿ ಅವನು ಯಾವ ಪಕ್ಷಕ್ಕೂ ಸೇರಿದವನಲ್ಲ.

ಲಿಖಿತ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳ ತಂದೆ ಚಿತ್ರದುರ್ಗದ ಕಡೆಯಿಂದ ಕೆಲಸಕ್ಕೆಂದು ಬಂದು ಕೆಜಿಎಫ್‌ನಲ್ಲೇ ಉಳಿದವರು. ಅವಳ ಜೊತೆ ಓದಿದ ಹುಡುಗಿಯರಲ್ಲಿ ಅರ್ಧಕ್ಕರ್ಧ ಈಗ ಬೆಂಗಳೂರು, ಹೊಸೂರು, ಚೆನ್ನೈಯಲ್ಲಿದ್ದಾರೆ. ಅವರ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಹುಣಸೆಹಣ್ಣಿನ ಚಿತ್ರ ಹಾಕಿದ್ದಕ್ಕೆ "ನಮಗೂ ಕಳ್ಸೇ" ಎಂದು ಹದಿನೇಳು ಜನ ಕೇಳಿದ್ದರು. ಅವಳಿಗೆ ಧೈರ್ಯ ಬಂದದ್ದು ಅಲ್ಲಿಂದ. ವರ್ಷಕ್ಕೊಮ್ಮೆ, ಹುಣಸೆಯ ಕಾಲದಲ್ಲಿ ಎರಡು ತಿಂಗಳು ಮಾರುವವಳಿಗೆ ದೊಡ್ಡ ಅಂಗಡಿ ಯಾಕೆ ಬೇಕು? ಪಾನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ತನ್ನದೊಂದು ಫೋಟೊ ಪೇಟೆಬಾಗಿಲಿಗೆ ಕಳಿಸಿದಳು. ಮೂರು ದಿನಕ್ಕೆ ಖಾತೆ ತೆರೆಯಿತು. ಅಂಗಡಿಗೆ 'ಸೊಣ್ಣಪ್ಪನವರ ಹುಣಸೆಹಣ್ಣು' ಎಂದು ಹೆಸರಿಟ್ಟು, ಮರದ ಕೆಳಗೆ ಮಾವ ನಿಂತಿರುವ ಚಿತ್ರವನ್ನೂ ಹಾಕಿದಳು. ಮಾವನನ್ನು ಒಲಿಸಿಕೊಳ್ಳುವ ಉಪಾಯವದು, ಅದರಲ್ಲಿ ಮುಚ್ಚುಮರೆಯೇನಿಲ್ಲ.

ಸೊಣ್ಣಪ್ಪನವರು ಚಿತ್ರ ನೋಡಿ, "ಟವೆಲ್ಲಾದ್ರೂ ಸರಿ ಮಾಡ್ಕೊಂತಿದ್ನಲ್ಲಮ್ಮ, ಮೊದ್ಲೇ ಏಳಿದ್ರೆ," ಎಂದು ಗೊಣಗಿದರು. ಆಮೇಲೆ ಡೇರಿಯಲ್ಲಿ ನಾಲ್ಕು ಜನರಿಗೆ ಆ ಚಿತ್ರದ ವಿಷಯ ಹೇಳಿದರಂತೆ.

ಹಣ್ಣಿನ ಕೆಲಸ ಹಗುರದ್ದಲ್ಲ. ಬಡಿದು ಉದುರಿಸಿದ ಕಾಯನ್ನು ಎರಡು ದಿನ ಬಿಸಿಲಿಗೆ ಹಾಕಬೇಕು. ಓಡು ಒಡೆಯಬೇಕು, ನಾರು ಬಿಡಿಸಬೇಕು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಜಜ್ಜಿ ಬೀಜ ಹಾರಿಸಬೇಕು. ಅತ್ತೆ ಸೊಸೆ ಇಬ್ಬರೂ ಬೆಳಗ್ಗೆ ಹಾಲು, ಕಸ, ಅಡಿಗೆ ಮುಗಿಸಿ ಹತ್ತು ಗಂಟೆಗೆ ಜಗಲಿಯ ಮೇಲೆ ಕೂತರೆ ಏಳುತ್ತಿದ್ದದ್ದು ಮೂರಕ್ಕೆ. ಹುಳಿ ತಾಗಿ ಲಿಖಿತಳ ಬೆರಳ ಸಂದಿಯೆಲ್ಲ ಬಿರಿದು ಉರಿಯುತ್ತಿತ್ತು. ನಾಲ್ಕು ವರ್ಷದ ಅಕ್ಷರಾ ಹಣ್ಣಿಗೆ ಉಪ್ಪು ಬೆಲ್ಲ ಸೇರಿಸಿ ಕಡ್ಡಿಗೆ ಸಿಕ್ಕಿಸಿಕೊಂಡು ನೆಕ್ಕುತ್ತಾ ಎರಡೂ ಕೆನ್ನೆಗೆ ಬಳಿದುಕೊಳ್ಳುತ್ತಿದ್ದಳು. ದಿನಕ್ಕೆರಡು ಸಲ ಅವಳ ಮುಖ ತೊಳೆಯುವುದೂ ಒಂದು ಕೆಲಸವೇ.

ಲಿಖಿತ ಅಡಿಗೆಮನೆಯ ಸಣ್ಣ ಕರೆಂಟು ತಕ್ಕಡಿಯಲ್ಲಿ ಒಂಬೈನೂರು ಗ್ರಾಮು ತೂಗಿ ಕವರಿಗೆ ಹಾಕುತ್ತಿದ್ದಳು. ಡಬ್ಬ, ಟೇಪು ಎಲ್ಲ ಸೇರಿ ಒಂದು ಕೆಜಿಗೆ ಇಪ್ಪತ್ತು ಗ್ರಾಮು ಕಡಿಮೆ. ಒಂದು ಕೆಜಿಯೊಳಗಾದರೆ ಕೊರಿಯರಿಗೆ ಅರವತ್ತೆರಡು ರೂಪಾಯಿ. ಒಂದು ಗ್ರಾಮು ದಾಟಿದರೂ ತೊಂಬತ್ತಾರು. ಈ ಲೆಕ್ಕವನ್ನು ಅವಳು ತಿರುಗಿಸಿ ತಿರುಗಿಸಿ ಮಾಡಿದ್ದಳು. ಇನ್ನೂರೈವತ್ತಕ್ಕೆ ಮಾರಿ, ಬಾಡಿಗೆ ಮತ್ತು ಕಂಪನಿಯ ಆರು ರೂಪಾಯಿ ಕಳೆದರೆ ನೂರ ಎಂಬತ್ತೆರಡು ಕೈಗೆ. ಅದೇ ಹಣ್ಣಿಗೆ ಮಂಡಿಯಲ್ಲಿ ನೂರು ಸಿಕ್ಕರೆ ಹೆಚ್ಚು.

ತೂಗಿದ ಕವರುಗಳನ್ನು ಸಾಲಾಗಿ ಇಟ್ಟು ಅವಳು ಮಗಳಿಗೆ ನೀರು ಹಾಕಲು ಹೋಗುತ್ತಿದ್ದಳು. ಕವರಿನ ಬಾಯಿ ಅಂಟಿಸುವುದು ಅತ್ತೆಯ ಪಾಲಿನ ಕೆಲಸ. ಮೇಣದಬತ್ತಿಯ ಉರಿಗೆ ಕವರಿನ ಅಂಚು ಹಿಡಿದು, ಸುಡದಂತೆ, ಬಿಡದಂತೆ ಅಂಟಿಸುವುದರಲ್ಲಿ ವೆಂಕಟರತ್ನಮ್ಮನವರ ಕೈ ಎರಡೇ ದಿನಕ್ಕೆ ಪಳಗಿತ್ತು. ಮಾರನೆಯ ಬೆಳಗ್ಗೆ ಚಿರಂಜೀವಿ ಡಬ್ಬಗಳನ್ನು ಚೀಲಕ್ಕೆ ತುಂಬಿ, ಗಾಡಿಗೆ ಕಟ್ಟಿಕೊಂಡು, ಕಾರ್ಖಾನೆಗೆ ಹೋಗುವ ದಾರಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಕೊರಿಯರ್ ಅಂಗಡಿಯಲ್ಲಿ ಇಳಿಸುತ್ತಿದ್ದ.

ಮೊದಲ ಹನ್ನೆರಡು ಡಬ್ಬ ಹೋದವು. ಕೊಂಡವರೆಲ್ಲ ಹೊಗಳಿದ್ದೇ ಹೊಗಳಿದ್ದು. ಶಿವರಾತ್ರಿ ಕಳೆದು ನಾಲ್ಕನೆಯ ದಿನ ಮೊದಲ ಹಣ ಬ್ಯಾಂಕಿಗೆ ಬಂತು. ಎರಡು ಸಾವಿರದ ನೂರ ಎಂಬತ್ತನಾಲ್ಕು ಬರಬೇಕಿತ್ತು. ಬಂದದ್ದು ಸಾವಿರದ ಐನೂರ ಮೂವತ್ತಾರು. 'ಇತರೆ ಕಡಿತ' ಎಂದಷ್ಟೇ ಇತ್ತು.

"ನಾನ್ ಏಳ್ಲಿಲ್ವಾ?" ಎಂದರು ಸೊಣ್ಣಪ್ಪನವರು ಅವತ್ತಿನ ಊಟಕ್ಕೆ. ಹುರುಳಿಸಾರು ಅವರಿಗೆ ಅಷ್ಟು ರುಚಿಯಾಗಿ ಎಂದೂ ಇದ್ದಿರಲಿಲ್ಲ. "ಮದ್ಯಸ್ತನ ಕೈಗೆ ದುಡ್ಡು ಕೊಟ್ಟು ಏಳು ದಿನ ಬುಟ್ರೆ ಅವನು ಪೂಜೆ ಮಾಡ್ತಾನಾ? ನಾನು ಮಂಡಿ ನೋಡಿದೋನು."

"ಮಾವ, ಅವರು ಹಿಡಿದಿದ್ರೆ ಅದಕ್ಕೊಂದು ಕಾರಣ ಇರುತ್ತೆ. ಕೇಳಿದೀನಿ, ಉತ್ತರ ಬರುತ್ತೆ."

"ನೀನು ತೂಕ ಸರಿಯಾಗಿ ನೋಡ್ದ್ಯಾ?" ಎಂದು ಚಿರಂಜೀವಿ ಕೇಳಿದ.

"ಏನ್ರೀ ನೀವೂ? ಪ್ರತಿ ಕವರೂ ನಾನೇ ತೂಗಿದ್ದು. ಅತ್ತೆ, ನೀವೇ ಹೇಳಿ."

"ತೂಕದ ಕಲ್ಲಿನಂಗೆ ತೂಗ್ತಾಳೆ ಕಣ್ಲಾ ನಿನ್ನೆಂಡ್ತಿ," ಎಂದರು ವೆಂಕಟರತ್ನಮ್ಮ. "ಕಣ್ಣಾರೆ ನೋಡಿದೀನಿ. ಒಂದು ಎಸಳು ಇಕ್ಕಡೆ ಅಲ್ಲ, ಅಕ್ಕಡೆ ಅಲ್ಲ. ಅಷ್ಟು ಬಿಗಿ ನಮ್ಮ ವಂಸದಾಗೆ ಯಾರೂ ಇಲ್ಲ."

ಅದು ಹೊಗಳಿಕೆಯೋ ಬೈಗುಳವೋ ಲಿಖಿತಳಿಗೆ ಆಗ ತಿಳಿಯಲಿಲ್ಲ. ಮಾರನೆಯ ದಿನ ತಕ್ಕಡಿಯನ್ನು ಒಂದು ಕೆಜಿ ಸಕ್ಕರೆ ಪೊಟ್ಟಣ ಇಟ್ಟು ಪರೀಕ್ಷಿಸಿದಳು. ತಕ್ಕಡಿ ಸರಿಯಿತ್ತು. ಕಂಪನಿಯಿಂದ ಉತ್ತರ ಮಾತ್ರ ಬರಲಿಲ್ಲ. ಆರ್ಡರು ಬರುತ್ತಲೇ ಇದ್ದವು. ನಿಲ್ಲಿಸಿದರೆ ಮಾವನಿಗೆ ಗೆಲುವು ಎಂದು ಹಲ್ಲು ಕಚ್ಚಿ ಕಳಿಸುತ್ತಲೇ ಹೋದಳು. ಇನ್ನೂ ನಲವತ್ತೆಂಟು ಡಬ್ಬ ಹೋದವು.

ಯುಗಾದಿಗೆ ಹನ್ನೆರಡು ದಿನ ಇದೆ ಎನ್ನುವಾಗ, ಒಂದು ಮಂಗಳವಾರ ಬೆಳಗ್ಗೆ, ರೊಟ್ಟಿ ತಟ್ಟುತ್ತಿದ್ದ ಲಿಖಿತ ಫೋನು ನೋಡಿ ಅಲ್ಲೇ ಕೂತುಬಿಟ್ಟಳು. ಅಂಗಡಿಯ ಹೆಸರಿನ ಕೆಳಗೆ ಕೆಂಪಕ್ಷರದ ಸಾಲೊಂದು ಬಂದಿತ್ತು. 'ತೂಕದಲ್ಲಿ ತಪ್ಪು. ಮಾರಾಟ ನಿಲ್ಲಿಸಲಾಗಿದೆ. ಪಾವತಿ ತಡೆಹಿಡಿಯಲಾಗಿದೆ.' ನಲವತ್ತೆಂಟು ಡಬ್ಬದ ಹಣವೂ ಒಳಗೇ ನಿಂತುಹೋಗಿತ್ತು. ಬಚ್ಚಪ್ಪ ಬರುವ ಭಾನುವಾರಕ್ಕೆ ಉಳಿದದ್ದು ಐದು ದಿನ.

ಹಂಚಿನ ಮೇಲಿದ್ದ ರೊಟ್ಟಿ ಸೀದದ್ದನ್ನು ಅತ್ತೆ ಬಂದು ತೆಗೆದರು. ಲಿಖಿತ ಅಂಟಿಸಿ ಸಿದ್ಧವಾಗಿದ್ದ ಒಂದು ಡಬ್ಬ ಚೀಲಕ್ಕೆ ಹಾಕಿಕೊಂಡು, ಮಗಳನ್ನು ಅತ್ತೆಗೆ ಒಪ್ಪಿಸಿ, ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದಳು.

ಕೊರಿಯರ್ ಅಂಗಡಿಯ ರಾಜ್‌ಕುಮಾರ್ ಚಾಂಪಿಯನ್ ರೀಫ್ಸಿನವನು. ಅವನ ತಾತ ಗಣಿಗೆ ಇಳಿದವರು. ಕನ್ನಡ ಶುರುಮಾಡಿ ತಮಿಳಿನಲ್ಲಿ ಮುಗಿಸುವುದು ಅವನ ಪದ್ಧತಿ.

"ಅಣ್ಣಾ, ನೀವು ಇಲ್ಲಿ ತೂಗಲ್ವಾ?"

"ಇಲ್ಲಕ್ಕಾ. ನಿಮ್ದು ಚೀಟಿ ಮೊದ್ಲೇ ಪ್ರಿಂಟ್ ಆಗಿ ಬರುತ್ತೆ. ಒಂದು ಕೆಜಿ ಅಂತ ನೀವೇ ಹಾಕಿರ್ತೀರ. ನಾವು ಲೋಡ್ ಮಾಡಿ ಬೆಂಗ್ಳೂರಿಗೆ ಅನುಪ್ಪಿಡುವೋಂ. ಅಲ್ಲಿ ಮಿಷಿನ್ ತೂಗುತ್ತೆ. ಜಾಸ್ತಿ ಬಂದ್ರೆ ಜಾಸ್ತಿ ಬಾಡಿಗೆ, ಮೇಲೆ ಇಪ್ಪತ್ತು ರೂಪಾಯಿ ದಂಡ."

"ಇದನ್ನ ತೂಗಿ."

ಇಟ್ಟ. ಒಂದು ಕೆಜಿ ಐವತ್ತೆರಡು ಗ್ರಾಮು.

"ಪಾರುಂಗಕ್ಕಾ," ಎಂದು ಅವನು ತಕ್ಕಡಿಯನ್ನು ಅವಳ ಕಡೆಗೆ ತಿರುಗಿಸಿದ. "ನಮ್ಮ ಕಾಟಾ ಸರಿಯಾಗೈತೆ. ಬೇಕಂದ್ರೆ ಪಕ್ಕದ ಅಂಗ್ಡೀಲಿ ನೋಡಿ."

ಪಕ್ಕದ ಅಂಗಡಿಗೆ ಹೋಗುವ ಅಗತ್ಯ ಬೀಳಲಿಲ್ಲ. ಲಿಖಿತ ಅಲ್ಲೇ ಬ್ಲೇಡು ಕೇಳಿ ಡಬ್ಬ ಒಡೆದಳು. ಕವರಿನೊಳಗೆ, ತಾನು ಒತ್ತಿ ಕೂರಿಸಿದ್ದ ಹಣ್ಣಿನ ಮೇಲೆ, ಬೇರೆಯದೇ ಒಂದು ಉಂಡೆ ಕೂತಿತ್ತು. ಬೆರಳ ಅಚ್ಚು ಕೂಡ ಅದರ ಮೇಲೆ ಕಾಣುತ್ತಿತ್ತು. ಯಾರ ಹಿಡಿ ಎಂದು ಕೇಳಬೇಕಾಗಿರಲಿಲ್ಲ.

ಅವಳು ಮನೆಗೆ ಬಂದಾಗ ವೆಂಕಟರತ್ನಮ್ಮ ಅವರೆಕಾಳು ಹಿದುಕುತ್ತಿದ್ದರು.

"ಅತ್ತೆ, ಕವರಿಗೆ ನೀವು ಹಣ್ಣು ಹಾಕ್ತಿದ್ರಾ?"

"ಊಂ."

"ಎಲ್ಲಾದಕ್ಕೂ?"

"ಕೊಸರು ಇಲ್ದಲೆ ಎಂಗಮ್ಮ ಕಳ್ಸೋದು?" ವೆಂಕಟರತ್ನಮ್ಮನವರು ತಲೆ ಕೂಡ ಎತ್ತಲಿಲ್ಲ. "ಕೊಳ್ಳೋರು ಎದ್ರಿಗೆ ನಿಂತಿದ್ರೆ ಅವ್ರೇ ಕೇಳ್ತಾರೆ. ಪಾಪ, ದೂರದಾಗವ್ರೆ, ಬಾಯಿಲ್ಲ. ನಾವೇ ತಿಳ್ಕೊಂಡು ಆಕ್ಬೇಕು. ಒಂದೊಂದೇ ಇಡಿ ಆಕಿದೀನಿ."

"ನೀವು ಹಾಕಿದ ಆ ಒಂದು ಹಿಡಿಗೆ ಪ್ರತಿ ಡಬ್ಬಕ್ಕೂ ಐವತ್ನಾಲ್ಕು ರೂಪಾಯಿ ಹೋಗಿದೆ! ಈಗ ಅಂಗಡೀನೇ ಮುಚ್ಚಿದಾರೆ. ಅಷ್ಟೂ ದುಡ್ಡು ಹಿಡ್ಕೊಂಡಿದಾರೆ. ಭಾನುವಾರ ಬಚ್ಚಪ್ಪಣ್ಣ ಬರ್ತಾರೆ. ನನ್ನ ಕೆಲಸ ಎಲ್ಲಾ ನೀರಲ್ಲಿ ಹೋಮ ಆಯ್ತು, ಗೊತ್ತಾ ನಿಮಗೆ?"

ಲಿಖಿತ ಅತ್ತೆಯ ಮುಂದೆ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅಕ್ಷರಾ ಹೆದರಿ ಅಜ್ಜಿಯ ಸೆರಗು ಹಿಡಿದುಕೊಂಡಳು.

"ನನ್ಮೇಲೆ ಕೂಗ್ಬ್ಯಾಡ," ಎಂದರು ವೆಂಕಟರತ್ನಮ್ಮ. "ನಾನು ಈ ಮನೆಗೆ ಬಂದು ನಲ್ವತ್ತೊಂದು ವರ್ಸ. ರಾಗಿ ಆಗ್ಲಿ, ಕಾಳಾಗ್ಲಿ, ಈ ಒಸ್ಲು ದಾಟಿ ಕೊಸರಿಲ್ದಲೆ ಓಗಿಲ್ಲ. ಅಳೆದಷ್ಟೇ ಕೊಟ್ರೆ ಅದು ಕೊಟ್ಟಂಗಾ? ಇದ್ದುಬದ್ದಿದ್ದೆಲ್ಲ ಗ್ರಾಮಿನ ಲೆಕ್ಕ ನಿಂಗೆ."

"ಕಂಪನಿಗೆ ಗ್ರಾಮಿನ ಲೆಕ್ಕನೇ ಅತ್ತೆ!"

"ಅದು ಯಾವ ಸೀಮೆ ಕಂಪ್ನಿ, ಜಾಸ್ತಿ ಕೊಟ್ರೆ ದಂಡ ಆಕೋದು? ಅವ್ರಿಗೆ ಪೋನ್ ಮಾಡು. ನಾನೇ ಕೇಳ್ತೀನಿ."

ಸಿಟ್ಟಿನಲ್ಲಿ ಹೇಳಿದ ಮಾತು ಅದು. ಲಿಖಿತಳೂ ಸಿಟ್ಟಿನಲ್ಲೇ ಫೋನು ಒತ್ತಿದಳು. ಕನ್ನಡಕ್ಕೆ ಮೂರು ಒತ್ತಿ, ಪಾವತಿಯ ದೂರಿಗೆ ಎರಡು ಒತ್ತಿ, ಹದಿನೈದು ನಿಮಿಷ ಅದೇ ಸಂಗೀತ ಕೇಳಿದ ಮೇಲೆ ಒಬ್ಬಳು ಹೆಣ್ಣುಮಗಳು ಸಿಕ್ಕಳು.

"ನಮಸ್ಕಾರ, ಪೇಟೆಬಾಗಿಲಿನಿಂದ ಶಶಿರೇಖ ಮಾತಾಡ್ತಿದೀನಿ."

ಲಿಖಿತ ನಡೆದದ್ದನ್ನೆಲ್ಲ ಹೇಳಿದಳು. ಅರ್ಧದಲ್ಲೇ ವೆಂಕಟರತ್ನಮ್ಮ ಕೈ ಚಾಚಿ ಫೋನು ಕಸಿದುಕೊಂಡರು.

"ಏನಮ್ಮ ಶಶಿರೇಖಾ, ನೀವು ಪ್ಯಾಟೇಲಿ ಉಣ್ಸೆಣ್ಣು ತಕೊಂಡ್ರೆ ಮೇಲೊಂದಿಷ್ಟು ಕೇಳ್ತೀರೋ ಇಲ್ವೋ?"

"ಕೇಳ್ತೀವಿ ಅಮ್ಮ."

"ನಾನು ಕೇಳೋಕ್ ಮುಂಚೇನೇ ಆಕಿದೀನಿ. ಅದು ತಪ್ಪಾ?"

"ಕೊಂಡವರಿಗೆ ಕೊಟ್ಟಿದ್ದು ತಪ್ಪಲ್ಲ ಅಮ್ಮ. ಆದ್ರೆ ಕೊರಿಯರ್‌ನವರು ತೂಕದ ಮೇಲೆ ಬಾಡಿಗೆ ತಗೋತಾರೆ. ಒಂದು ಕೆಜಿ ಅಂತ ಬರೆದು ಜಾಸ್ತಿ ಕಳಿಸಿದ್ರೆ, ಒಂದು ಟಿಕೆಟ್ ತಗೊಂಡು ಇಬ್ಬರು ಬಸ್ ಹತ್ತಿದಂಗೆ ಆಯ್ತಲ್ಲ?"

ವೆಂಕಟರತ್ನಮ್ಮ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅದನ್ನೇ ನೋಡಿದರು. ಮತ್ತೆ ಕಿವಿಗಿಟ್ಟುಕೊಂಡರು.

"ಫ್ರೀ ಬಸ್ಸಾಗೂ ನಾನು ಟಿಕೇಟು ಇಸ್ಕೊಂಡೇ ಕೂರೋಳು ಕಣಮ್ಮ."

"ಗೊತ್ತಾಗುತ್ತೆ ಅಮ್ಮ."

"ಅಂಗಂತ ಮೊದ್ಲೇ ಯಾರಾದ್ರೂ ಏಳ್ಬಾರ್ದಾ? ಈಗೇನು ಮಾಡ್ಬೇಕು, ಅದನ್ನ ಏಳು."

ಶಶಿರೇಖ ನಿಧಾನವಾಗಿ ಹೇಳಿದಳು. ಹೆಚ್ಚಿನ ಬಾಡಿಗೆಯನ್ನು ಒಪ್ಪಿಕೊಂಡೆವು ಎಂದು ಒತ್ತಬೇಕು. ಡಬ್ಬ ಕಟ್ಟಿದ ಮೇಲೆ ತಕ್ಕಡಿಯಲ್ಲಿಟ್ಟು ತೂಗುವ ವಿಡಿಯೊ ಕಳಿಸಬೇಕು. ಮುಂದೆ ನಿಜವಾದ ತೂಕ ಬರೆಯಬೇಕು. ಕಂಪನಿಯವರು ಪರಿಶೀಲಿಸಿ ತಡೆ ತೆಗೆಯಲು ಐದು ಕೆಲಸದ ದಿನ ಬೇಕು. ಎಷ್ಟು ಲೆಕ್ಕ ಹಾಕಿದರೂ ಅದು ಭಾನುವಾರವನ್ನು ದಾಟಿ ಮುಂದಿನ ವಾರಕ್ಕೆ ಹೋಗುತ್ತಿತ್ತು.

ಫೋನಿಟ್ಟ ಮೇಲೆ ಲಿಖಿತಳೂ ಕಾಳು ಹಿದುಕಲು ಕೂತಳು. ಅವರೆಕಾಳಿನ ಸಿಪ್ಪೆ ಒಂದು ಕಡೆ ಗುಡ್ಡೆ ಬಿದ್ದಿತ್ತು.

"ಅತ್ತೆ, ಎಂಟುನೂರು ಗ್ರಾಮು ಅಂತ ಬರೆದು ಬೆಲೆ ಇಳಿಸ್ತೀನಿ. ನಿಮ್ಮ ಹಿಡಿ ಹಾಕಿದ್ರೂ ಒಂದು ಕೆಜಿ ದಾಟಲ್ಲ."

"ಮೊದ್ಲೇ ಎ‌ಣಿಸಿಟ್ಕೊಂಡಿದ್ದು ಕೊಸರು ಆಗಲ್ಲ."

"ನಾನು ಎಣಿಸಲ್ಲ. ನೀವು ಎಷ್ಟಾದ್ರೂ ಹಾಕಿ, ಅಂಟಿಸಿ, ಡಬ್ಬ ಕಟ್ಟಿ. ತಕ್ಕಡಿ ಕೊನೇಗೆ ಬರಲಿ. ಬಂದ ತೂಕ ಬರೀತೀನಿ. ಬಾಡಿಗೆ ಜಾಸ್ತಿ ಬಂದ ಡಬ್ಬಕ್ಕೆ ಜಾಸ್ತಿ ಕೊಡೋಣ."

ವೆಂಕಟರತ್ನಮ್ಮ ಇದನ್ನು ತೂಗಿ ನೋಡಿದರು. "ನಿನ್ನ ಬೆರಳಿಗೆ ಎಣ್ಣೆ ಅಚ್ಕೊ ಮೊದ್ಲು," ಎಂದರು. "ಬಿರ್ಕೊಂಡೈತೆ." ಅದು ಒಪ್ಪಿಗೆ. ಆ ಮನೆಯಲ್ಲಿ ಕ್ಷಮೆ ಕೇಳುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬರುತ್ತದೆ. ಸಂಜೆಯ ಬೆಳಕಿರುವಾಗಲೇ ಆರು ಡಬ್ಬ ಹೊಸ ಕ್ರಮದಲ್ಲಿ ಕಟ್ಟಿ, ತೂಗಿ, ವಿಡಿಯೊ ಮಾಡಿ ಕಳಿಸಿದರು.

ಸೊಣ್ಣಪ್ಪನವರಿಗೆ ವಿಷಯ ಗೊತ್ತಾದದ್ದು ಊಟದ ಹೊತ್ತಿಗೇ. ಹಿದುಕಿದ ಬೇಳೆ ಸಾರು, ಮುದ್ದೆ. ಹೆಂಡತಿಯ ಕೊಸರಿನ ಕಥೆ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು.

"ಮಂಡಿಯೋನು ಕಮ್ಮಿ ತೂಗಿ ತಿಂದ. ನೀನು ಜಾಸ್ತಿ ತೂಗಿ ತಿನ್ಸಿದೆ. ಒಟ್ನಾಗೆ ಈ ಮನೆಗೆ ದುಡ್ಡು ಬರೋ ಅಣೆಬರಾನೇ ಇಲ್ಲ."

"ಸುಮ್ಕಿರಯ್ಯ ನೀನು," ಎಂದರು ವೆಂಕಟರತ್ನಮ್ಮ. "ಸೊಸೆ ಮೊಕ ನೋಡು."

"ಸರಿ, ಏನಂತ ಬರ್ದವ್ರೆ ಕಂಪ್ನಿಯೋರು? ಓದಮ್ಮ."

ಲಿಖಿತ ಫೋನು ತೆಗೆದು ಓದಿದಳು. ಸೊಣ್ಣಪ್ಪನವರ ನಗು ಅರ್ಧಕ್ಕೆ ನಿಂತಿತು. ಎಂಜಲು ಕೈಯನ್ನು ತಟ್ಟೆಯ ಮೇಲೇ ಬಿಟ್ಟು ಎಡಗೈಯಲ್ಲಿ ಫೋನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಇದು ನನ್ನ ಎಸ್ರಿನ ಕೆಳಗೇ ಐತಲ್ಲ."

"ಅಂಗಡಿ ಹೆಸರು ಅದೇ ಅಲ್ವಾ ಮಾವ."

"ಜಾಸ್ತಿ ಅಂತ ಬರ್ದವ್ರಾ, ಕಮ್ಮಿ ಅಂತ ಬರ್ದವ್ರಾ?"

"ಎರಡೂ ಇಲ್ಲ. ತೂಕದಲ್ಲಿ ತಪ್ಪು ಅಂತ ಅಷ್ಟೇ."

"ಅಂಗಾದ್ರೆ ಓದೋನು ಕಮ್ಮಿ ಅಂತ್ಲೇ ತಿಳ್ಕೊಂತಾನೆ," ಎಂದು ಸೊಣ್ಣಪ್ಪನವರು ಎದ್ದುಬಿಟ್ಟರು. ಇನ್ನೂ ಅರ್ಧ ಮುದ್ದೆ ತಟ್ಟೆಯಲ್ಲಿತ್ತು.

ಇದನ್ನು ಹೇಳದಿದ್ದರೆ ಅವರ ಸಂಕಟ ಅರ್ಥವಾಗುವುದಿಲ್ಲ. ಆ ಊರಿನಲ್ಲಿ ಅಣ್ಣತಮ್ಮಂದಿರು ರಾಗಿ ಹಂಚಿಕೊಳ್ಳಬೇಕಾದರೆ, ಪಾಲಿಗೆ ಕೊಟ್ಟ ಹೊಲದ ಬೆಳೆ ಅಳೆಯಬೇಕಾದರೆ ಇವತ್ತಿಗೂ ಸೊಣ್ಣಪ್ಪನವರನ್ನೇ ಕರೆಯುತ್ತಾರೆ. ಅವರು ಅಳೆದ ಮೇಲೆ ಯಾರೂ ಇನ್ನೊಮ್ಮೆ ಅಳೆಯುವುದಿಲ್ಲ. ಹಿಂದೆ ಟೊಮೇಟೊ ಮಂಡಿಯಲ್ಲಿ ತೂಕದವನು ಕಾಟಾದ ಅಡಿ ಕಾಲು ಕೊಟ್ಟು ತೂಕ ಇಳಿಸಿದ್ದನ್ನು ಕಂಡು, ಅವನ ಕೊರಳಪಟ್ಟಿ ಹಿಡಿದು, ಇನ್ನು ಆ ಮಂಡಿ ಮೆಟ್ಟಿಲು ತುಳಿಯುವುದಿಲ್ಲ ಎಂದು ಬಂದ ಮನುಷ್ಯ. ಅಂಥವರ ಹೆಸರಿನ ಕೆಳಗೆ, ಅವರ ಚಿತ್ರದ ಪಕ್ಕದಲ್ಲಿ, ಕೆಂಪಕ್ಷರದಲ್ಲಿ ಆ ಮಾತು ಬರೆದಿತ್ತು.

ಮರುದಿನದಿಂದ ಊಟಕ್ಕೆ ಕೂತರೂ ಸೊಣ್ಣಪ್ಪನವರು ಬಾಯಿ ಬಿಡಲಿಲ್ಲ. ಜಗಳವಿಲ್ಲದ ಊಟ ಎಲ್ಲರಿಗೂ ಇರಿಸುಮುರಿಸಾಯಿತು.

ಶನಿವಾರ ಮಧ್ಯಾಹ್ನ ಚಿರಂಜೀವಿ ಹೆಂಡತಿಯನ್ನು ಕೊಟ್ಟಿಗೆಯ ಹತ್ತಿರ ಕರೆದ. "ನನ್ನ ಸಂಬಳ ಬಂದೈತೆ. ಆರು ಸಾವ್ರ ನಿನ್ನ ಅಕೌಂಟಿಗೆ ಆಕ್ತೀನಿ. ಕಂಪ್ನಿ ದುಡ್ಡು ಬಂತು ಅಂತ ಅಪ್ಪನಿಗೆ ತೋರ್ಸು. ಬುಧವಾರ ಎಂಗೂ ಬರುತ್ತಲ್ಲ."

ಮನೆಯ ಜಗಳದಲ್ಲಿ ಅವನು ಒಂದು ಪಕ್ಷ ವಹಿಸಿದ್ದು ಇದೇ ಮೊದಲು. ಆದರೂ ಲಿಖಿತ ತಲೆ ಅಲ್ಲಾಡಿಸಿದಳು.

"ಬೇಡ ರೀ. ತೂಕ ತಪ್ಪು ಹೇಳಿದ್ದಕ್ಕೇ ಇಷ್ಟಾಯ್ತು. ಬಂದಿಲ್ಲ ಅಂದ್ರೆ ಬಂದಿಲ್ಲ ಅಂತಲೇ ಹೇಳ್ತೀನಿ."

"ಮೂರು ವರ್ಸ ಕಣೆ, ಮರ ಓದ್ರೆ."

"ಮೂರು ವರ್ಷ ಆದ್ಮೇಲೆ ಮತ್ತೆ ಕೇಳ್ತೀನಿ."

ಭಾನುವಾರ ಹತ್ತು ಗಂಟೆಗೆ ಬಚ್ಚಪ್ಪ ಬಂದ. ಬಿಳಿ ಪಂಚೆ, ಕಂಕುಳಲ್ಲಿ ಕಪ್ಪು ಚೀಲ. ಹಬ್ಬಕ್ಕೆಂದು ಒಗೆದು ಹರವಿದ್ದ ದುಪ್ಪಟಿಗಳನ್ನು ಸರಿಸಿಕೊಂಡು ಬಂದು ಜಗಲಿಯ ಮೇಲೆ ಕೂತ. ವೆಂಕಟರತ್ನಮ್ಮ ಮಜ್ಜಿಗೆ ತಂದಿಟ್ಟು ಒಳಗೆ ಹೋಗದೆ ಬಾಗಿಲಲ್ಲೇ ನಿಂತರು. ಬಚ್ಚಪ್ಪ ನೋಟಿನ ಕಟ್ಟನ್ನು ಸೊಣ್ಣಪ್ಪನವರ ಪಕ್ಕದಲ್ಲಿಟ್ಟ.

"ಎಣಿಸ್ಕೊ ಸೊಣ್ಣಪ್ಪಣ್ಣ. ಮೂವತ್ತು."

ಸೊಣ್ಣಪ್ಪನವರು ಅದನ್ನು ಮುಟ್ಟದೆ ಸೊಸೆಯನ್ನು ಕರೆದರು. "ಬಂತೇನಮ್ಮ ದುಡ್ಡು?"

"ಬಂದಿಲ್ಲ ಮಾವ. ಬುಧವಾರ ಅಂತಾರೆ. ಬರುತ್ತೆ ಅಂತ ನನಗೆ ನಂಬಿಕೆ ಇದೆ. ಆದ್ರೆ ಇವತ್ತು ಬಂದಿಲ್ಲ."

"ಆ ಕೆಂಪು ಸಾಲು?"

"ಹಾಗೇ ಇದೆ."

ಸೊಣ್ಣಪ್ಪನವರು ಮಜ್ಜಿಗೆ ಲೋಟ ಎತ್ತಿ ಖಾಲಿ ಮಾಡಿ ಕೆಳಗಿಟ್ಟರು. "ಬಚ್ಚಪ್ಪ, ದುಡ್ಡು ಎತ್ಕೊ."

"ಯಾಕಣ್ಣ? ಕಮ್ಮಿ ಆಯ್ತಾ? ಇನ್ನೆರಡು ಸಾವ್ರ ಆಕ್ತೀನಿ, ಬುಡು."

"ಕಮ್ಮಿ ಆಗಿಲ್ಲ. ನನ್ನ ಎಸ್ರಿನ ಕೆಳಗೆ ತೂಕದಾಗೆ ತಪ್ಪು ಅಂತ ಬರ್ದವ್ರೆ. ಇವತ್ತು ಮರ ನಿಂಗೆ ಕೊಟ್ಟು ನಾನು ಕೈ ತೊಳ್ಕೊಂಡ್ರೆ, ಸೊಣ್ಣಪ್ಪ ಸಿಕ್ಕಾಕ್ಕೊಂಡ, ಅಂಗ್ಡಿ ಮುಚ್ಕೊಂಡು ಓದ ಅಂತಾಯ್ತದೆ. ಆ ಬರ್ದಿದ್ದು ಅಂಗೇ ಉಳೀತದೆ. ನೀನು ಬಂದು ಅಳಿಸ್ತೀಯಾ?"

ಬಚ್ಚಪ್ಪನಿಗೆ ನಗು ಬಂತು. "ಪೋನಾಗಿರೋದನ್ನ ಯಾರು ಓದ್ತಾರಣ್ಣ?"

"ನಾನು ಓದಿದೀನಲ್ಲ."

ಬಚ್ಚಪ್ಪ ಒಮ್ಮೆ ಬಾಗಿಲ ಕಡೆ ನೋಡಿದ. ಅಲ್ಲಿ ಅತ್ತೆ, ಸೊಸೆ, ಅವರ ಹಿಂದೆ ಚಿರಂಜೀವಿ ನಿಂತಿದ್ದರು. ಯಾರಿಂದಲೂ ತನಗೊಂದು ಮಾತಿನ ಆಸರೆ ಸಿಗುವುದಿಲ್ಲ ಎಂದು ಗೊತ್ತಾಗಿ, ನೋಟಿನ ಕಟ್ಟನ್ನು ಚೀಲಕ್ಕೆ ಸೇರಿಸಿ, ಹಬ್ಬಕ್ಕೆ ಕರೆಯುವ ಶಾಸ್ತ್ರದ ಮಾತು ಆಡಿ ಎದ್ದುಹೋದ.

ಲಿಖಿತ ಅಲ್ಲೇ ಕೂತು ಅತ್ತಳು. ಅಷ್ಟು ದಿನ ತಡೆದದ್ದೆಲ್ಲ ಬಂತು.

"ಅಳೋದು ಆಮೇಲೆ," ಎಂದರು ಸೊಣ್ಣಪ್ಪನವರು. "ಕಂಪ್ನಿಗೆ ಕಳ್ಸಿದ ವಿಡಿಯೊ ತೋರ್ಸು. ತೂಕ ನೀನು ಬರ್ದಿದ್ದೀಯಾ, ಗಟ್ಟಿಯಾಗಿ ಏಳಿದ್ದೀಯಾ?"

"ಬರೆದಿದೀನಿ."

"ಬರ್ದ್ರೆ ಸಾಲ್ದು. ಅಳೆಯೋನು ಬಾಯ್ಬುಟ್ಟು ಏಳ್ಬೇಕು, ಎಲ್ರೂ ಕೇಳ್ಬೇಕು. ತಕ್ಕಡಿ ತತ್ತಾ. ನಾನು ಏಳ್ತೀನಿ, ನೀನು ವಿಡಿಯೊ ಇಡಿ."

ಅವತ್ತು ಮಧ್ಯಾಹ್ನ ಸೊಣ್ಣಪ್ಪನವರು ಟವೆಲ್ಲು ಸರಿಮಾಡಿಕೊಂಡು, ಒಂದೊಂದೇ ಡಬ್ಬ ಇಟ್ಟು, ಕಣದಲ್ಲಿ ರಾಗಿ ಅಳೆಯುವ ದನಿಯಲ್ಲಿ ಗ್ರಾಮುಗಳನ್ನು ಕೂಗಿದರು. ಲಿಖಿತ ಅದನ್ನೂ ಕಂಪನಿಗೆ ಕಳಿಸಿದಳು. ಶಶಿರೇಖ ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಬುಧವಾರ ಕಳೆಯಿತು, ಏನೂ ಬರಲಿಲ್ಲ. ಗುರುವಾರ ಬೆಳಗ್ಗೆ ಸೊಣ್ಣಪ್ಪನವರು ಹಾಲು ಕರೆಯುತ್ತಿರುವಾಗ ಲಿಖಿತ ಫೋನು ಹಿಡಿದು ಓಡಿಬಂದಳು. ಹಸು ಬೆದರಿ ಕಾಲು ಎತ್ತಿಟ್ಟಿತು.

"ಬಂತು ಮಾವ! ಬ್ಯಾಂಕಿಗೆ ಬಂತು!"

"ಎಷ್ಟಮ್ಮ?" ಎಂದು ಒಲೆಯ ಕಡೆಯಿಂದ ವೆಂಕಟರತ್ನಮ್ಮ ಕೂಗಿದರು.

"ದಂಡ ಎಲ್ಲಾ ಹೋಗಿ ಆರು ಸಾವಿರದ ನೂರ ನಲವತ್ನಾಲ್ಕು, ಅತ್ತೆ."

ಸೊಣ್ಣಪ್ಪನವರು ಕೈಯನ್ನು ಪಂಚೆಗೆ ಒರೆಸಿಕೊಂಡರು. ಒಣಗಿಲ್ಲವೆಂದು ಟವೆಲ್ಲಿಗೂ ಒರೆಸಿಕೊಂಡರು. ಫೋನು ಇಸಿದುಕೊಂಡು, ಬೆಳಕು ಬೀಳುವ ಕಡೆ ತಿರುಗಿ, ತಮ್ಮ ಹೆಸರನ್ನು ಹುಡುಕಿ ಅದರ ಕೆಳಗೆ ಬೆರಳಿಟ್ಟರು.

"ಇಲ್ಲೇ ತಾನೆ ಇದ್ದಿದ್ದು?"

"ಇಲ್ಲೇ ಮಾವ."

"ಈಗ ಏನೂ ಇಲ್ಲ?"

"ಏನೂ ಇಲ್ಲ."

ಅವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿ, ಫೋನು ವಾಪಸ್ಸು ಕೊಟ್ಟು, ಮತ್ತೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಬರೋ ವರ್ಸ ಬಡಿಯೋ ಆಳುಗೋಳನ್ನ ಈಗ್ಲೇ ಗೊತ್ತು ಮಾಡ್ಬೇಕು," ಎಂದರು, ಕೆಚ್ಚಲಿಗೆ ಕೈ ಹಾಕುತ್ತಾ. "ನೀನೇ ಓಗಿ ಮಾತಾಡು. ಮರ ನಿಂದು."